ಗೋಡೆಯ ಮೇಲಿನ ಎರಡು ಈಟಿ

ತಳೇಗಾಂವದಲ್ಲಿ ಹಳೆಯ ಕಬ್ಬಿಣ ಏನು ಸಿಕ್ಕರೂ ಅದು ದಾಭಾಡೆಯವರದು. ಅಟ್ಟದ ಮೇಲಿನ ಬೀಗ, ಬಾವಿಯ ಹೂಳಿನಲ್ಲಿ ಸಿಕ್ಕ ಸರಪಳಿ, ತುಕ್ಕು ಹಿಡಿದ ಕುಡುಗೋಲು, ಎಲ್ಲಕ್ಕೂ ಊರಿನವರು ಸೇನಾಪತಿ ಮನೆತನದ ನಂಟು ಹಚ್ಚಿಬಿಡುತ್ತಾರೆ. ಊರಿನ ಹೆಸರೇ ತಳೇಗಾಂವ ದಾಭಾಡೆ ಆಗಿರುವಾಗ ಅವರದೂ ತಪ್ಪಲ್ಲ ಬಿಡಿ. 1717ರಲ್ಲಿ ಶಾಹು ಮಹಾರಾಜರಿಂದ ಸೇನಾಪತಿ ಪದವಿ ಪಡೆದ ಖಂಡೇರಾವ್, 1731ರಲ್ಲಿ ಡಭೋಯಿಯಲ್ಲಿ ಬಾಜೀರಾಯನ ಎದುರು ಕಾದಾಡಿ ಸತ್ತ ಮಗ ತ್ರ್ಯಂಬಕರಾವ್, ಆಮೇಲೆ ಮನೆತನದ ಹೊಣೆ ಹೊತ್ತ ಉಮಾಬಾಯಿ. ಇಂಥವರು ಬಾಳಿದ ಊರಲ್ಲಿ ಕುಡುಗೋಲಿಗೂ ಚರಿತ್ರೆ ಅಂಟಿಕೊಳ್ಳುತ್ತದೆ.

ಹಾಗಾಗಿ ನಮ್ಮ ಹಿಂದಿನ ಓಣಿಯ ಕಾಕುವಿನ ಮನೆಯ ಪಡಸಾಲೆಯಲ್ಲಿ, ಗುಣಾಕಾರದ ಚಿಹ್ನೆಯಂತೆ ಅಡ್ಡಡ್ಡ ತೂಗುಹಾಕಿದ್ದ ಎರಡು ಈಟಿಗಳನ್ನು ಇಷ್ಟು ವರ್ಷ ನಾನೂ ದಾಭಾಡೆಯವರ ಲೆಕ್ಕಕ್ಕೇ ಬರೆದಿದ್ದೆ. ಚಹಾ ಕುಡಿಯುತ್ತ ತಲೆಯೆತ್ತಿದರೆ ಕಾಣುತ್ತಿದ್ದವು, ಅಷ್ಟೇ.

ಕಾಕು ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯವರು. ಮನೆಮಾತು ಮರಾಠಿ, ಓದಿದ್ದು ಕನ್ನಡ ಶಾಲೆಯಲ್ಲಿ. ಮದುವೆಯಾಗಿ ಇಲ್ಲಿಗೆ ಬಂದು ಐವತ್ತು ವರ್ಷ ದಾಟಿದ್ದರೂ ಕನ್ನಡದವರು ಸಿಕ್ಕರೆ ಬಿಡುವುದಿಲ್ಲ. ಕಳೆದ ಮಳೆಗಾಲದ ಒಂದು ಭಾನುವಾರ ಫೋನ್ ಮಾಡಿದರು.

"ತಮ್ಮಾ, ಸ್ವಲ್ಪ ಮನೀಗೆ ಬಂದ್ ಹೋಗು. ಮೊಮ್ಮಗ ಯಾರನ್ನೋ ಕರಕೊಂಡ ಬಂದಿದ್ದ. ಗೋಡಿ ಮ್ಯಾಲಿನ ಭಾಲಾ ಎರಡೂ ಜಂಜೀರಾದ ಸಿದ್ದಿಗಳವು, ಮುನ್ನೂರು ವರ್ಷದವು ಅಂತ ಹೇಳಿದ ಆ ಮನಷ್ಯಾ. ಜೋಡಿಗೆ ಹದಿನೆಂಟ ಸಾವಿರ ಕೊಡ್ತಾನಂತ. ನೀ ದಿನಾ ಕಬ್ಬಿಣದಾಗ ಇರಾಂವ, ನೋಡಿ ಹೇಳು."

ಕಬ್ಬಿಣದಲ್ಲಿ ಇರುವವನು ನಾನು ಹೌದು. ಚಾಕಣದ ಒಂದು ಫೋರ್ಜಿಂಗ್ ಕಾರ್ಖಾನೆಯಲ್ಲಿ ಕಾದ ಉಕ್ಕು ಬಡಿಸುವುದರಲ್ಲೇ ಇಪ್ಪತ್ತೈದು ವರ್ಷ ಕಳೆದಿದ್ದೇನೆ. ಹಳೆಯ ಆಯುಧ ಕಂಡರೆ ನಿಂತು ನೋಡುವ ಚಟವೂ ಇದೆ. ಆದರೆ ಹದಿನೆಂಟು ಸಾವಿರದ ಮಾತು ಬಂದಾಗ ನೋಡುವುದು ಬೇರೆ.

"ಇವು ನಿಮ್ಮ ಮನೆಗೆ ಬಂದದ್ದು ಹೇಗೆ ಕಾಕು?" ಎಂದೆ.

"ನಮ್ಮ ಬಾಬಾ ತಂದದ್ದು. ಬೆಳಗಾವ್ಯಾಗ ಮರಾಠಾ ಪಲ್ಟಣದಾಗ ಇದ್ರು. ಲಡಾಯಿದಾಗ ಕರೀ ಸಿಪಾಯಿ ಒಬ್ಬಾಂವ ಮೈಮ್ಯಾಲೆ ಬಂದಿದ್ನಂತ. ಅವನ ಕೈಯಾಗಿಂದ ಕಸಗೊಂಡಾರ."

"ಅವರೇ ಹೇಳಿದ್ದೇ?"

"ಬಾಬಾ ಎಲ್ಲಿ ಹೇಳ್ತಾರ. ಸೋದರಮಾವ ಹೇಳ್ತಿದ್ದ. ನಾವು ಹುಡುಗರು ಬಾಬಾನ್ನ 'ಹಾ ಕಸಲಾ ಭಾಲಾ?' ಅಂತ ಕೇಳಿದ್ರ, 'ಕಸಲಾ' ಅಂತಿದ್ರು. ಅಷ್ಟ. ನಮ್ಮನ್ನ ಚಾಷ್ಟಿ ಮಾಡೋರು."

ಮರಾಠಿ ಬಾರದವರಿಗೆ ಹೇಳಬೇಕು: 'ಕಸಲಾ' ಎಂದರೆ 'ಎಂಥದು'. ಇದು ಎಂಥ ಈಟಿ ಎಂದು ಕೇಳಿದ ಮಕ್ಕಳಿಗೆ ಅಪ್ಪ 'ಎಂಥದು' ಎಂದು ಅದೇ ಪದ ತಿರುಗಿಸಿ ಕೊಟ್ಟಂತೆ. ನಾನೂ ನಕ್ಕೆ.

ಈಟಿಗಳನ್ನು ಕೆಳಗಿಳಿಸುವ ಮೊದಲು ಜಂಜೀರಾದ ಮಾತು ಮುಗಿಸುತ್ತೇನೆ. ಆ ಹೆಸರು ಕೇಳಿದರೆ ಬೆಲೆ ಏರುತ್ತದೆ, ಅದರಲ್ಲಿ ಸಂಶಯವಿಲ್ಲ. ಆಫ್ರಿಕಾದಿಂದ ಬಂದವರು ದಖ್ಖನಿನಲ್ಲಿ ದೊಡ್ಡ ದೊಡ್ಡ ಸ್ಥಾನಕ್ಕೆ ಏರಿದ್ದೂ ನಿಜ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ, ಅಹಮದನಗರದಲ್ಲಿ ರಾಜ್ಯವನ್ನೇ ನಡೆಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಎಲ್ಲರಿಗೂ ಗೊತ್ತು. ನಮ್ಮ ಬಿಜಾಪುರದಲ್ಲಿ ಇಖ್ಲಾಸ್ ಖಾನ್ ಇದ್ದ, ಇಬ್ರಾಹಿಂ ರೋಜಾದ ಕಟ್ಟಡದೊಂದಿಗೆ ಹೆಸರು ಸೇರಿಕೊಂಡ ಮಲಿಕ್ ಸಂದಲ್ ಇದ್ದ. 1660ರಲ್ಲಿ ಪನ್ಹಾಳಕ್ಕೆ ಮುತ್ತಿಗೆ ಹಾಕಿದ ಸಿದ್ದಿ ಜೌಹರನ ಹೆಸರನ್ನು ಪುಣೆಯ ಶಾಲೆಯ ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ.

ಆದರೆ ಗುಲಾಮನಾಗಿ ಹಡಗು ಹತ್ತಿದವನು ಈಟಿ ಹಿಡಿದು ಬರುವುದಿಲ್ಲ. ಬರಿಗೈಯಲ್ಲಿ ಬಂದವರ ಕೈಗೆ ಆಯುಧ ಕೊಟ್ಟವನು ಇಲ್ಲಿನ ಸುಲ್ತಾನ, ಅದನ್ನು ಮಾಡಿದವನು ಇಲ್ಲಿನ ಕಮ್ಮಾರ. ಬಿಜಾಪುರದ ಚಿತ್ರಗಳಲ್ಲಿ ಇಖ್ಲಾಸ್ ಖಾನ್ ತೊಟ್ಟಿರುವುದು ದಖ್ಖನಿನ ಜಾಮಾ. ಜಂಜೀರಾದ ಸಿದ್ದಿಯೊಬ್ಬನ ಈಟಿ ಇಂದಿಗೂ ಉಳಿದಿದ್ದರೆ ಅದು ಮರಾಠರ, ಮೊಗಲರ ಈಟಿಗಳ ಹಾಗೆಯೇ ಕಾಣುವ ಸಾಧ್ಯತೆ ಹೆಚ್ಚು. ಅಂದರೆ 'ನೋಡಿ, ಆಫ್ರಿಕಾದ್ದೇ ಆಕಾರ, ಹಾಗಾಗಿ ಸಿದ್ದಿಗಳದು' ಎಂಬ ವಾದವೇ ತಲೆಕೆಳಗು. ಯಲ್ಲಾಪುರ, ಹಳಿಯಾಳದ ನಮ್ಮ ಸಿದ್ದಿಗಳು ಕೊಂಕಣಿ, ಕನ್ನಡ ಮಾತಾಡುತ್ತ, ಕಾಡಿನಂಚಿನಲ್ಲಿ ಗದ್ದೆ ಮಾಡುತ್ತ ಬಂದವರು. ಪರಿಶಿಷ್ಟ ಪಂಗಡದ ಪಟ್ಟಿ ಸೇರಲು 2003ರವರೆಗೆ ಕಾದವರು. ಅವರ ಹೆಸರಿನಲ್ಲಿ ಬೇರೆಯವರು ಕಬ್ಬಿಣ ಮಾರುವುದು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಸರಿ, ಸ್ಟೂಲ್ ಹತ್ತಿ ಇಳಿಸಿದೆ. ಹಿಂದೆ ಜೇಡರ ಬಲೆ, ಎರಡು ಹಲ್ಲಿ ಮೊಟ್ಟೆ. ಚಾಪೆಯ ಮೇಲೆ ಪಕ್ಕಪಕ್ಕ ಇಟ್ಟ ಕೂಡಲೇ ಒಂದು ವಿಷಯ ಗೊತ್ತಾಯಿತು: ಇವು ಜೋಡಿಯೇ ಅಲ್ಲ. ಗೋಡೆಯ ಮೇಲೆ ಯಾರೋ ಜೋಡಿ ಮಾಡಿದ್ದು.

ಈಟಿಯನ್ನು ನೋಡುವಾಗ ಎಲ್ಲರೂ ಮೊದಲು ಅಲಗಿನ ಅಂದ ನೋಡುತ್ತಾರೆ. ಅಲಗು ಮೋಸ ಮಾಡುತ್ತದೆ, ಏಕೆಂದರೆ ಎಲೆಯಾಕಾರದ ಅಲಗು ಲೋಕದ ಎಲ್ಲ ಕಡೆಯೂ ಇದೆ. ಅಲಗಿಗೂ ಕಾವಿಗೂ ಮದುವೆ ಆದ ಜಾಗವನ್ನು ನೋಡಬೇಕು. ಕಮ್ಮಾರನ ಕೈ ಅಲ್ಲಿ ಸಿಗುತ್ತದೆ. ಭಾರತದ ಈಟಿಗಳಲ್ಲಿ ಕಾವು ಕೂರುವ ಕೊಳವೆಯನ್ನು ಹೆಚ್ಚಾಗಿ ಸುತ್ತಲೂ ಬೆಸೆದು ಮುಚ್ಚಿರುತ್ತಾರೆ. ಅಲಗಿನ ಕುತ್ತಿಗೆಯಲ್ಲಿ ಒಂದು ಗಂಟು, ಮಣಿ ಅಥವಾ ಪಟ್ಟೆ ತೆಗೆದಿರುವುದುಂಟು. ಕಬ್ಬಿಣದ ಕವಚ ಚುಚ್ಚಬೇಕಾದ ಅಲಗಾದರೆ ಕಿರಿದು, ದಪ್ಪ. ಪುಣೆಯವರು ಬಾಜೀರಾವ್ ರಸ್ತೆಯ ಕೇಳ್ಕರ್ ಮ್ಯೂಸಿಯಂಗೆ ಹೋಗಿ ಆಯುಧಗಳ ಮುಂದೆ ಹತ್ತು ನಿಮಿಷ ನಿಂತರೆ ಇದು ಕಣ್ಣಿಗೆ ಹತ್ತುತ್ತದೆ. (ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಮಗ ರಾಜಾನ ಹೆಸರಿನಲ್ಲಿ ದಿನಕರ ಕೇಳ್ಕರ್ ಒಬ್ಬರೇ ಊರೂರು ತಿರುಗಿ ಕೂಡಿಸಿದ ಸಂಗ್ರಹ ಅದು. ಆಯುಧ ಬೇಡವೆಂದರೆ ಅಡಕತ್ತರಿಗಳನ್ನಾದರೂ ನೋಡಿ.)

ಆಫ್ರಿಕಾದ ಬಹಳಷ್ಟು ಕಡೆ ಕಮ್ಮಾರ ತಗಡಿನಂತೆ ಬಡಿದ ಕಬ್ಬಿಣವನ್ನು ಕೊಟ್ಟೆಯ ಹಾಗೆ ಸುರುಳಿ ಸುತ್ತಿ ಕೊಳವೆ ಮಾಡುತ್ತಾನೆ. ಎರಡು ಅಂಚು ಸೇರುವ ಸೀಳನ್ನು ಬೆಸೆಯದೆ ಹಾಗೇ ಬಿಡುತ್ತಾನೆ. ಅದು ಸೋಮಾರಿತನವಲ್ಲ, ಕಾವು ಒಣಗಿ ಸಡಿಲಾದರೆ ಸೀಳನ್ನು ಬಡಿದು ಬಿಗಿ ಮಾಡಬಹುದು. ದಕ್ಷಿಣದ ಜುಲು ಜನರದು ಬೇರೆ ದಾರಿ. ಅಲ್ಲಿ ಕೊಳವೆಯೇ ಇಲ್ಲ. ನಮ್ಮ ಕುಡುಗೋಲಿನ ಹಾಗೆ ಅಲಗಿನ ಬಾಲವನ್ನು ಕಾವಿನೊಳಗೆ ಇಳಿಸಿ, ಮೇಲಿನಿಂದ ಬೆತ್ತದ ಸಿಬಿರು ಅಥವಾ ಹಸಿ ತೊಗಲು ಸುತ್ತುತ್ತಾರೆ. ಸಹಾರಾದ ತುವಾರೆಗ್ ಜನರ ಈಟಿ ಅಡಿಯಿಂದ ಮುಡಿಯವರೆಗೆ ಕಬ್ಬಿಣವೇ. ಕಾಂಗೋ ಕಡೆಯದಾದರೆ ಕಾವಿಗೆ ತಾಮ್ರದ, ಹಿತ್ತಾಳೆಯ ತಂತಿ ಸುತ್ತಿರುವುದುಂಟು.

ಇನ್ನೊಂದು ಗುರುತು ನನ್ನಂಥ ಕುಲುಮೆಯವನಿಗೆ ಬಹಳ ಇಷ್ಟ. ಆಫ್ರಿಕಾದ ಹಲವು ಅಲಗುಗಳಲ್ಲಿ ಒಂದು ಮುಖದ ಬಲ ಅರ್ಧ ತಗ್ಗು, ಎಡ ಅರ್ಧ ಉಬ್ಬು. ತಿರುಗಿಸಿ ಹಿಡಿದರೂ ಬಲ ಅರ್ಧವೇ ತಗ್ಗು. ಅಡ್ಡಲಾಗಿ ಕತ್ತರಿಸಿ ನೋಡಿದರೆ ಮಲಗಿದ ಅಲೆಯ ಆಕಾರ ಕಾಣಬೇಕು. ಹೀಗೆ ಬಡಿದರೆ ತೆಳ್ಳನೆಯ ಕಬ್ಬಿಣವೂ ಬಾಗದೆ ನಿಲ್ಲುತ್ತದೆ. ನಮ್ಮ ಕಾರ್ಖಾನೆಯಲ್ಲಿ ಈ ಆಕಾರ ತೆಗೆಯಲು ಡೈ ಮಾಡಿಸಬೇಕು. ಅವರು ಕಲ್ಲಿನ ಮೇಲೆ ಸುತ್ತಿಗೆಯಲ್ಲಿ ತೆಗೆದಿದ್ದಾರೆ.

ಕಾಕುವಿನ ಮೊದಲ ಈಟಿ ಆರೂವರೆ ಅಡಿಯದು. ಅಲಗು 13 ಅಂಗುಲ, ಅಗಲವಾದ ಎಲೆಯಾಕಾರ, ನಡುವೆ ಎದ್ದ ಏಣು. ಕೊಳವೆಯಲ್ಲಿ ಸೀಳು ತೆರೆದೇ ಇತ್ತು. ಅದರ ಮೇಲೆ ಉಳಿಯಿಂದ ಗೀರಿದ ಗೆರೆಗಳ ಬೇಲಿ, ಒಂದೊಂದು ಗೆರೆಯೂ ಸ್ವಲ್ಪ ಓರೆ. ಕೊಳವೆಯ ಕೆಳಗೆ ಕಾವಿಗೆ ತೊಗಲು ಸುತ್ತಿತ್ತು, ಸಣ್ಣ ಸಣ್ಣ ಹರಳಿನಂಥ ಹುರುಪೆಯ ತೊಗಲು. ಮೊಮ್ಮಗ ಹಾವು ಎಂದ. ಕಾಕು ಕನ್ನಡಕ ಹಾಕಿಕೊಂಡು ನೋಡಿ, "ಉಡ ಅದು" ಎಂದರು. ಖಾನಾಪುರದ ಕಾಡಿನವರಿಗೆ ಉಡ ಹೇಳಿಕೊಡಬೇಕಾಗಿಲ್ಲ. ಕೊನೆಯಲ್ಲಿ, ಕಾವಿನ ಬುಡಕ್ಕೆ ಒಂದು ಕಬ್ಬಿಣದ ಪಟ್ಟಿಯನ್ನು ಬಳ್ಳಿಯಂತೆ ಸುತ್ತಿಸುತ್ತಿ ಬಡಿದಿದ್ದರು. ತಲೆಯ ಭಾರಕ್ಕೆ ಸರಿತೂಗಲಿ ಎಂದು ಬುಡಕ್ಕೆ ಹಾಕಿದ ಭಾರ.

ತೆರೆದ ಸೀಳು, ಅಗಲ ಎಲೆ, ಉಡದಂಥ ಪ್ರಾಣಿಯ ತೊಗಲು, ಬುಡದಲ್ಲಿ ಸುತ್ತಿದ ಕಬ್ಬಿಣದ ಪಟ್ಟಿ. ಇವುಗಳಲ್ಲಿ ಯಾವುದೋ ಒಂದು ಬೇರೆ ಕಡೆಯೂ ಸಿಗಬಹುದು. ನಾಲ್ಕೂ ಒಟ್ಟಿಗೆ ಬಂದರೆ ಸುಡಾನ್ ಕಡೆಗೆ ಮುಖ ಮಾಡಬೇಕು.

ಎರಡನೆಯದು ತೀರಾ ಬೇರೆ. ಎರಡೂವರೆ ಅಡಿ ಉದ್ದದ ಕತ್ತಿಯಂಥ ಕಿರಿ ಅಲಗು, ನಡುವೆ ಕೈ ಹಿಡಿಯುವಷ್ಟೇ ಕಪ್ಪು ಮರ, ಕೆಳಗೆ ಮತ್ತೆ ಅಷ್ಟೇ ಉದ್ದದ ಕಬ್ಬಿಣದ ಮೊನೆ. ಇದಕ್ಕೆ ಯೋಚನೆಯೇ ಬೇಡ, ಕೆನ್ಯಾ ಮತ್ತು ಟಾಂಜಾನಿಯಾದ ಮಾಸಾಯಿ ಯುವಕರು ಹಿಡಿಯುವ ಈಟಿಯ ಆಕಾರ. ಮಾಸಾಯಿಗಳು ದನ ಕಾಯುವವರು, ಕಬ್ಬಿಣ ಬಡಿಯುವ ಕೆಲಸ ಅವರಲ್ಲಿ ಕುನೋನೋ ಎಂಬ ಬೇರೆ ಕುಲದ್ದು. ಈಟಿ ಬೇಕು, ಈಟಿ ಮಾಡುವವನ ಜೊತೆ ಸಂಬಂಧ ಬೇಡ. ನಮಗೆ ಹೊಸ ಕಥೆಯೇನಲ್ಲ.

ಆದರೆ ಮರದ ಹಿಡಿಯನ್ನು ಸ್ವಲ್ಪ ತಿರುವಿದೆ. ತಿರುಗಿತು. ಇನ್ನೂ ತಿರುವಿದೆ. ಈಟಿ ಮೂರು ತುಂಡಾಗಿ ಚಾಪೆಯ ಮೇಲೆ ಬಿತ್ತು. ಒಳಗೆ ಲೇತಿನಲ್ಲಿ ತೆಗೆದ ಸ್ವಚ್ಛವಾದ ತಿರುಪು! ವಿಮಾನದ ಪೆಟ್ಟಿಗೆಯಲ್ಲಿ ಹಿಡಿಯಲಿ ಎಂದು ಪ್ರವಾಸಿಗರಿಗಾಗಿ ಮಾಡಿದ ಮಾಲು. ಅಲಗಿನ ಮೇಲೆ ಗ್ರೈಂಡರ್ ಚಕ್ರದ ಗೀರು ಕೂಡ ಇತ್ತು. ಇಂಥವನ್ನು ಹಳೆ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದಲೂ ಮಾಡುತ್ತಾರೆ.

ಮೊಮ್ಮಗನ ಮುಖ ಸಪ್ಪಗಾಯಿತು. ಕಾಕು ಮಾತ್ರ ತುಂಡುಗಳನ್ನು ನೋಡಿ ಹಣೆ ಬಡಿದುಕೊಂಡರು. "ಅಯ್ಯ, ಇದು ಬಾಬಾಂದಲ್ಲ ತಮ್ಮಾ! ನಮ್ಮ ಮೈದುನ ನೈರೋಬಿಗೆ ಕೆಲಸಕ್ಕ ಹೋಗಿದ್ದ. ಅಲ್ಲಿಂದ ಬಂದಾಗ ತಂದಾಂವ. ಒಂದ ಭಾಲಾ ಒಬ್ಬಂಟಿ ಕಾಣ್ತದ ಅಂತ ಇವರ ಪಕ್ಕದಾಗ ಮೊಳೀ ಹೊಡದ್ರು." ನಲವತ್ತು ವರ್ಷ ಒಟ್ಟಿಗೆ ತೂಗಿದ್ದಕ್ಕೆ ಎರಡೂ ಒಂದೇ ಕಥೆಯೊಳಗೆ ಸೇರಿಕೊಂಡಿದ್ದವು.

ಉಳಿದದ್ದು ಬಾಬಾ ಅವರ ಈಟಿ. ಸುಡಾನಿನ ಕಡೆಯ ಈಟಿ ಬೆಳಗಾವಿಯ ಸಿಪಾಯಿಯ ಕೈಗೆ ಹೇಗೆ ಬರಬೇಕು? ದಾರಿಗಳು ಒಂದಲ್ಲ. 1868ರಲ್ಲಿ ರಾಬರ್ಟ್ ನೇಪಿಯರ್ ಮುಂಬಯಿಯಿಂದ ಸೈನ್ಯ ಕಟ್ಟಿಕೊಂಡು, 44 ಆನೆಗಳನ್ನೂ ಹಡಗು ಹತ್ತಿಸಿ, ಇಥಿಯೋಪಿಯಾದ ಮಗ್ದಾಲಾ ಕೋಟೆಗೆ ನುಗ್ಗಿದ. 1885ರಲ್ಲಿ ಸುಡಾನಿನ ಸುವಾಕಿನ್ ಬಂದರಿನಲ್ಲಿ ಈಟಿ ಹಿಡಿದವರ ಎದುರು ನಿಂತವರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೂಡ ಇದ್ದರು. ಆ ಪಡೆಯ ಗೌರವಗಳ ಸಾಲಿನಲ್ಲಿ ತೋಫ್ರೆಕ್ ಎಂಬ ಹೆಸರು ಇಂದಿಗೂ ಇದೆ. 1914ರ ನವೆಂಬರಿನಲ್ಲಿ ಭಾರತದ ಪಡೆಗಳು ಟಾಂಗಾದಲ್ಲಿ ಇಳಿದು ಪೆಟ್ಟು ತಿಂದವು. ಹಳೆಯ ದಂಡು ಪ್ರದೇಶಗಳ ಬಂಗಲೆಗಳಲ್ಲಿ, ಬೆಂಗಳೂರಿನಲ್ಲಾಗಲಿ ಪುಣೆಯಲ್ಲಾಗಲಿ, ಆಫ್ರಿಕಾದ ಈಟಿ ಕಂಡರೆ ಮೊದಲು ಸಿಪಾಯಿಯನ್ನು ಹುಡುಕಬೇಕು, ಸುಲ್ತಾನನನ್ನಲ್ಲ.

"ಬಾಬಾ ಅವರ ಕಾಗದ ಪತ್ರ ಏನಾದರೂ ಉಳಿದಿದೆಯೇ?"

ಕಾಗದ ಇರಲಿಲ್ಲ. ದೇವರ ಕೋಣೆಯ ಕುಂಕುಮದ ಡಬ್ಬಿಯಿಂದ ಆರು ಮೂಲೆಯ ಒಂದು ನಕ್ಷತ್ರ ತಂದುಕೊಟ್ಟರು. ಕಂದು ಬಣ್ಣದ ಲೋಹ, ಮಾಸಲು ಮರಳಿನ ಬಣ್ಣದ ಪಟ್ಟಿ, ನಡುವೆ ಕೆಂಪು ಗೆರೆ. ಆಫ್ರಿಕಾ ಸ್ಟಾರ್. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾ, ಸುಡಾನ್, ಎರಿಟ್ರಿಯಾಗಳಲ್ಲಿ ಇದ್ದವರಿಗೆ ಕೊಟ್ಟದ್ದು. ಹಿಂದೆ ಅರಿಶಿನ ಮೆತ್ತಿತ್ತು. ದಸರೆಗೆ ಪೂಜೆ ಮಾಡುತ್ತಾರಂತೆ.

ಮರಾಠಾ ಲೈಟ್ ಇನ್ಫೆಂಟ್ರಿಯ ಕೇಂದ್ರ 1922ರಿಂದ ಬೆಳಗಾವಿಯಲ್ಲೇ ಇದೆ. ಅದರ ಮೂರನೆಯ ಬಟಾಲಿಯನ್ 5ನೇ ಭಾರತೀಯ ಡಿವಿಜನ್ ಜೊತೆ 1941ರಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಇಟಲಿಯವರ ವಿರುದ್ಧ ಕಾದಿತು. ವಾರಗಟ್ಟಲೆ ನಡೆದ ಕಾದಾಟ, ಮಾರ್ಚ್ 27ಕ್ಕೆ ಕೆರೆನ್ ಬಿತ್ತು. ಬಾಬಾ ಅಲ್ಲಿದ್ದರು ಎಂದು ಕಾಕುವಿಗೆ ಗೊತ್ತು, ಆ ಹೆಸರನ್ನು ಅವರು 'ಕೇರನ್' ಎನ್ನುತ್ತಾರೆ.

ಇಲ್ಲಿ ನನಗೊಂದು ತೊಡಕು ಬಂತು. ಕೆರೆನ್‌ನಲ್ಲಿ ಎದುರು ನಿಂತದ್ದು ಇಟಲಿಯ ಪಡೆ ಮತ್ತು ಅವರು ಸೇರಿಸಿಕೊಂಡಿದ್ದ ಎರಿಟ್ರಿಯಾದ ಅಸ್ಕರಿಗಳು. ಅವರ ಕೈಯಲ್ಲಿ ಇದ್ದದ್ದು ಬಂದೂಕು, ಮೆಷಿನ್ ಗನ್, ತೋಪು. ಈಟಿ ಹಿಡಿದು ಮೈಮೇಲೆ ಬಂದ ಸಿಪಾಯಿಯ ಕಥೆ 1885ಕ್ಕೆ ಹೊಂದುತ್ತದೆ, 1941ಕ್ಕಲ್ಲ. ಅಂದಮೇಲೆ ಸೋದರಮಾವನ ಮಾತು ನಿಲ್ಲುವುದಿಲ್ಲ. ಎಂಬತ್ತರ ಹತ್ತಿರದ ಮಗಳಿಗೆ ಅಪ್ಪನ ಶೌರ್ಯದ ಕಥೆ ಸುಳ್ಳು ಎಂದು ಹೇಳುವುದು ಹೇಗೆ? ನೋಡಿ ಹೇಳುತ್ತೇನೆ ಎಂದು ಮನೆಗೆ ಬಂದೆ.

ರಾತ್ರಿ ನಕ್ಷೆ ತೆರೆದು ಕೂತೆ. ಭಾರತದ ಡಿವಿಜನ್‌ಗಳು ಎರಿಟ್ರಿಯಾದೊಳಗೆ ನುಗ್ಗಿದ್ದು ಪಶ್ಚಿಮದಿಂದ, ಸುಡಾನಿನ ಗಡಿ ದಾಟಿ. ಗಡಿಯ ಪಟ್ಟಣವೊಂದನ್ನು 1940ರ ಜುಲೈಯಲ್ಲಿ ಇಟಲಿಯವರು ಹಿಡಿದಿದ್ದರು. 1941ರ ಜನವರಿಯಲ್ಲಿ ಬಿಟ್ಟು ಹಿಂದೆ ಸರಿದರು, 19ನೇ ತಾರೀಖು ನಮ್ಮವರು ಒಳಗೆ ಹೋದರು. ಬೇಜಾ ಜನರ ಸೀಮೆ, ದೊಡ್ಡ ಸಂತೆ ಪಟ್ಟಣ, ಕತ್ತಿ ಮಾಡುವ ಕಮ್ಮಾರರಿಗೆ ಇಂದಿಗೂ ಹೆಸರಾದ ಊರು.

ಊರಿನ ಹೆಸರು ಕಸ್ಸಲಾ.

ಹನ್ನೊಂದೂವರೆ ಆಗಿತ್ತು, ಇಲ್ಲದಿದ್ದರೆ ಆಗಲೇ ಓಡುತ್ತಿದ್ದೆ. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಕಾಕುವಿನ ಮನೆಗೆ ಹೋಗಿ ಮೊಬೈಲಿನಲ್ಲಿ ನಕ್ಷೆ ದೊಡ್ಡದು ಮಾಡಿ ತೋರಿಸಿದೆ. ಅವರು ಅಕ್ಷರ ಕೂಡಿಸಿ ಓದಿದರು. ಮತ್ತೊಮ್ಮೆ ಓದಿದರು.

"ಚಾಷ್ಟಿ ಅಲ್ಲೇನು ಹಂಗಾರ?"

"ಅಲ್ಲ ಕಾಕು. ಊರಿನ ಹೆಸರು ಹೇಳುತ್ತಿದ್ದರು."

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನಾನು ಕಸಿದುಕೊಂಡ ಕಥೆಯ ವಿಷಯವನ್ನೂ ಹೇಳಿದೆ. ಸಂತೆಯಲ್ಲಿ ಕೊಂಡದ್ದೇ ಇರಬೇಕು, ಕಾದಾಟದಲ್ಲಿ ಸಿಕ್ಕಿದ್ದಲ್ಲ ಎಂದೆ. ಅವರಿಗೆ ಅದು ಅಷ್ಟು ನೋವಾದಂತೆ ಕಾಣಲಿಲ್ಲ. "ಮಾವ ಭಾಳ ಬಡಾಯಿ ಮನಷ್ಯಾ" ಎಂದರು. "ಬಾಬಾ ನಾಕ್ ಸರ್ತಿ ಹೇಳಿದ್ರು, ನಾವು ನಾಕೂ ಸರ್ತಿ ನಕ್ಕಿವಿ" ಎಂದದ್ದು ಮಾತ್ರ ಎರಡು ಸಲ ಹೇಳಿದರು.

ವ್ಯಾಪಾರಿಯ ಸಂಗತಿ. ಮೊಮ್ಮಗನಿಗೆ ಎರಡು ಮಾತು ಹೇಳಿದೆ, ನಿಮಗೂ ಉಪಯೋಗವಾಗಬಹುದು. ನೂರು ವರ್ಷ ದಾಟಿದ ಇಂಥ ವಸ್ತುವಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ತಾಗುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ವ್ಯಾಪಾರ ಮಾಡುವವರಿಗೂ ಪರವಾನಗಿ ಬೇಕು. ಮುನ್ನೂರು ವರ್ಷದ್ದು ಎಂದು ಬಾಯಲ್ಲಿ ಹೇಳಿ ನಗದು ಎಣಿಸುವವರ ಹತ್ತಿರ ಮೊದಲು ಆ ಪರವಾನಗಿ ಕೇಳಬೇಕು. ಎರಡನೆಯದು, 9 ಅಂಗುಲಕ್ಕಿಂತ ಉದ್ದದ ಅಲಗಿನ ಈಟಿ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುತ್ತದೆ. ಗೋಡೆಯಿಂದ ಇಳಿಸಿ ಬಸ್ಸಿನಲ್ಲಿ ಹಿಡಿದುಕೊಂಡು ಹೊರಡುವ ಮುಂಚೆ ಠಾಣೆಯಲ್ಲಿ ವಿಚಾರಿಸುವುದು ಒಳ್ಳೆಯದು.

ಮೊಮ್ಮಗ ಆ ಮನುಷ್ಯನಿಗೆ ಫೋನ್ ಮಾಡಿ, ಮೂರು ತುಂಡಾಗುವ ಈಟಿಯೂ ಮುನ್ನೂರು ವರ್ಷದ್ದೇ ಎಂದು ಕೇಳಿದನಂತೆ. ಆ ಕಡೆಯಿಂದ ಉತ್ತರ ಬಂದಿಲ್ಲ.

ಕಾಕು ಈಟಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಲು ಹೊರಟಿದ್ದರು, ತಡೆದೆ. ಆ ಕಪ್ಪು ಬಣ್ಣ ಹೋದರೆ ಅದರ ವಯಸ್ಸೇ ಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿ, ಹೊಲಿಗೆ ಮಷಿನ್ನಿನ ಎಣ್ಣೆ ಎರಡು ಹನಿ ಸವರಿದರೆ ಸಾಕು. ತೊಗಲಿಗೆ ಏನನ್ನೂ ಹಚ್ಚಬಾರದು. ಹಾಗೇ ಮಾಡಿದೆವು. ಮಾಸಾಯಿ ಈಟಿ ಮೂರು ತುಂಡಾಗಿ ಮಂಚದ ಕೆಳಗೆ ಹೋಯಿತು.

ಕೊನೆಗೆ ಒಂದು ಚೀಟಿ ಬರೆದು ಕಾವಿಗೆ ದಾರದಿಂದ ಕಟ್ಟು ಎಂದರು, ಮುಂದಿನವರಿಗೆ ಗೊತ್ತಿರಲಿ ಎಂದು. ನಾನು ಬರೆದೆ: 'ಸುಡಾನ್, ಬಹುಶಃ ಕಸ್ಸಲಾ ಪೇಟೆಯಲ್ಲಿ ಕೊಂಡದ್ದು, 1941.' ಕಾಕು ಓದಿ, 'ಬಹುಶಃ' ಹೊಡೆದುಹಾಕು ಎಂದರು. ರಸೀದಿ ಇಲ್ಲವಲ್ಲ ಕಾಕು, ಅದು ಇರಲಿ ಎಂದೆ.

"ರಸೀದಿ ನಿನಗ ಬೇಕು. ಬಾಬಾ ನನಗ ಹೇಳ್ಯಾರ" ಎಂದು ಪೆನ್ನು ಕಸಿದುಕೊಂಡು ತಾವೇ ಗೀಟು ಎಳೆದರು.